ಅಕ್ಕನ ಉಡಿಗೆ ಸಿಗದ ಅಕ್ಕಿ

ಕರಾವಳಿಯಲ್ಲಿ ಬಿರುಗಾಳಿ ಎದ್ದು ಊರಿಗೆ ಊರೇ ನೆಲಸಮವಾಗಿದೆ, ಜನ ಉಟ್ಟ ಬಟ್ಟೆಯಲ್ಲಿ ಬಯಲಲ್ಲಿ ಕೂತಿದ್ದಾರೆ ಎಂಬ ಸುದ್ದಿ ಶಿಕಾರಿಪುರಕ್ಕೆ ಬಂತು. ಮನೆಮನೆಯಿಂದ ಅಕ್ಕಿ, ಬಟ್ಟೆ ಎತ್ತಿ ಕಳಿಸಬೇಕೆಂದು ನಮ್ಮ ಮಠದ ಸ್ವಾಮಿಗಳು ಹೇಳಿದರು. ಸೇವೆಗೆ ನಿಂತವರಲ್ಲಿ ಓದಿದವರಿದ್ದರು. ಆದರೆ ಅಕ್ಕಿ ಎತ್ತುವ ಗಾಡಿಯ ಮುಂದೆ ನಿಂತು ಕೂಗುವ ಗಂಟಲು ನನ್ನದಾಗಿತ್ತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನ ಮಾತಿಗೆ ಊರು ಮೊದಲ ಸಲ ಕಿವಿಗೊಟ್ಟಿತು. ನನಗೆ ಅದರ ರುಚಿ ಹತ್ತಿತು.

ಕೊಡಲು ಹಿಂದೆಮುಂದೆ ನೋಡುವವರ ಬಾಯಿ ಮುಚ್ಚಿಸಲೆಂದು ಮೊದಲು ನಮ್ಮ ಮನೆಯ ಅಕ್ಕಿಯನ್ನೇ ಬೀದಿಯ ಜನರೆದುರು ಚೀಲಕ್ಕೆ ಸುರಿದೆ. ಹೆಂಡತಿ ಒಂದು ಪಾವು ತೆಗೆದಿಟ್ಟುಕೊಂಡಳು. ಅದಕ್ಕೂ ಸಿಡುಕಿದೆ. ಭತ್ತವಿತ್ತು, ಮಿಲ್ಲಿಗೆ ಹಾಕಿಸಲು ನನಗೆ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಜೋಳದ ರೊಟ್ಟಿ ನಡೆಯಿತು. ನಮ್ಮ ಮನೆ ರಸ್ತೆಯ ಪಕ್ಕದಲ್ಲೇ ಇದ್ದುದರಿಂದ ಲಾರಿ ಬರುವವರೆಗೆ ಊರಿನ ಚೀಲಗಳೆಲ್ಲ ನಮ್ಮ ಪಡಸಾಲೆಯಲ್ಲಿ ಸೂರಿಗೆ ತಾಗುವಂತೆ ನಿಂತವು.

ಆಗ ಅಕ್ಕ ಬಂದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ತಾನು ಗಂಜಿ ಕುಡಿದು ಅಗುಳನ್ನೆಲ್ಲ ನನ್ನ ತಟ್ಟೆಗೆ ಸೋಸುತ್ತಿದ್ದವಳು. ಅವಳನ್ನು ಸೊರಬದ ಆಚೆ ಕುಪ್ಪಗಡ್ಡೆಗೆ ಕೊಟ್ಟಿದ್ದೆವು. ಬಸ್ಸಿಳಿದು ಬಂದವಳು ಚೀಲಗಳನ್ನು ನೋಡಿ, ನನ್ನನ್ನು ನೋಡಿ ನಕ್ಕಳು. ನನ್ನ ಹತ್ತಿರ ಏನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಮಾತ್ರ ಹೇಳಿದ್ದಳು. ಅದೇ ಗಾಳಿ ಅವರ ಮನೆಯ ಹೆಂಚನ್ನೂ ಎತ್ತಿಕೊಂಡು ಹೋಗಿತ್ತು. ಕೂಡಿಟ್ಟ ಭತ್ತ ನೆನೆದು ಮೊಳಕೆ ಬಂದಿತ್ತು. ಮಕ್ಕಳು ನೆರೆಮನೆಯಲ್ಲಿ ಉಣ್ಣುತ್ತಿದ್ದವು.

ಹೆಂಡತಿ ಪಡಸಾಲೆಗೆ ಬಂದು ಇದನ್ನೆಲ್ಲ ಮೆಲ್ಲಗೆ ಹೇಳಿ, ಒಂದು ಚೀಲ ಅಕ್ಕನ ಜೊತೆ ಬಸ್ಸಿಗೆ ಹಾಕಿಸಿರೆಂದಳು. ಜೊತೆಯವರು ಅಲ್ಲೇ ಚೀಲದ ಬಾಯಿ ಹೊಲಿಯುತ್ತಿದ್ದರು. ಅವರಲ್ಲಿ ವಯಸ್ಸಾದವರೊಬ್ಬರ ಕಿವಿಗೆ ಅದು ಬಿತ್ತು.

"ಕೊಡ್ರಿ, ಅದಕ್ಕೇನಂತೆ. ಅವ್ರೂ ಗಾಳಿಗೆ ಸಿಕ್ಕೋರೇ ಅಲ್ಲೇನ್ರೀ," ಅಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ನಾನು ಗಾಡಿಯ ಮುಂದೆ ಕೂಗುವ ದನಿಯಲ್ಲೇ ಹೇಳಿದೆ:

"ನಮ್ಮನೆ ಹೆಣ್ಮಗಳು ಊರೋರ ಹತ್ರ ಎತ್ತಿದ ಅಕ್ಕಿ ಉಣ್ಣೋವಷ್ಟು ಗತಿಗೆಟ್ಟಿಲ್ಲ."

ಒಳಗೆ ಅಕ್ಕನ ಬಳೆಯ ಸದ್ದು ನಿಂತಿತು.

ನಮ್ಮ ಭತ್ತ ಇನ್ನೂ ಮಿಲ್ಲು ಕಂಡಿರಲಿಲ್ಲ, ಆದರೆ ನೆರೆಮನೆಯಿಂದ ಅಕ್ಕಿ ಕಡ ತರಬಹುದಿತ್ತು. ಊರಿಗೆಲ್ಲ ಕೈಯೊಡ್ಡಿದವನಿಗೆ ಸ್ವಂತ ಅಕ್ಕನಿಗಾಗಿ ಒಂದು ಮನೆಗೆ ಹೋಗಿ ಕೇಳುವುದು ಅವಮಾನವೆನಿಸಿತು. ಅಕ್ಕ ಮಧ್ಯಾಹ್ನದ ಬಸ್ಸಿಗೇ ಹೊರಟಳು. ತವರಿನಿಂದ ಹೊರಡುವ ಹೆಣ್ಣುಮಗಳ ಉಡಿ ತುಂಬದೆ ಕಳಿಸುವುದುಂಟೇ? ಹೆಂಡತಿ ಕಾಯಿ, ಎಲೆ, ಅಡಿಕೆಯ ಜೊತೆ ತಾನು ಮುಚ್ಚಿಟ್ಟಿದ್ದ ಆ ಒಂದು ಪಾವು ಅಕ್ಕಿಯನ್ನು ಮೊರದಲ್ಲಿ ತಂದಳು. ಅಕ್ಕ ಸೆರಗೊಡ್ಡಿ ಕಾಯಿ ಇಸಕೊಂಡಳು. ಅಕ್ಕಿ ಹಾಕಲು ಹೋದಾಗ ಸೆರಗು ಮಡಚಿದಳು.

"ಅಕ್ಕಿ ಬ್ಯಾಡವ್ವ. ನಮ್ಮನೇಲಿ ಐತೆ," ಅಂದಳು.

ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಲಾರಿ ಬಂತು. ಅಕ್ಕಿ ಸರಿಯಾಗಿ ತಲುಪಿತು, ಹಸಿದವರು ಉಂಡರು. ಅದರಲ್ಲಿ ಮೋಸವಿಲ್ಲ. ಮಠದಲ್ಲಿ ನನಗೆ ಶಾಲು ಹೊದಿಸಿದರು. ಮಾರನೇ ವಾರ ಎರಡು ಚೀಲ ಅಕ್ಕಿ ಹೇರಿಕೊಂಡು ಕುಪ್ಪಗಡ್ಡೆಗೆ ಹೋದೆ. ಅಕ್ಕ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಹೆಂಡತಿಯ ಆರೋಗ್ಯ ವಿಚಾರಿಸಿದಳು. ಚೀಲಗಳನ್ನು ಗಾಡಿಯಿಂದ ಇಳಿಸಗೊಡಲಿಲ್ಲ. ಆಮೇಲೆ ಹಬ್ಬಕ್ಕೆ ಕರೆದಾಗಲೆಲ್ಲ ಅವಳಿಗೆ ಒಂದಲ್ಲ ಒಂದು ಕೆಲಸವಿರುತ್ತಿತ್ತು.

ಬಹಳ ವರ್ಷಗಳ ಮೇಲೆ ಅಕ್ಕ ತೀರಿಕೊಂಡಳು, ಮುತ್ತೈದೆಯಾಗಿ. ನಮ್ಮವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತವರಿನವರು ಉಡಿ ತುಂಬಲಿ ಎಂದು ಕರೆದಾಗ ನಮ್ಮ ಗದ್ದೆಯ ಅಕ್ಕಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡದೆ ತೆಗೆದುಕೊಂಡಳು. ಅಕ್ಕ ಈ ಸಲ ಬೇಡ ಎನ್ನಲಿಲ್ಲ. ಸೆರಗನ್ನು ಬೇರೆಯವರು ಹಿಡಿದಿದ್ದರು.