ನಿಂಗಪ್ಪನ ಬೆಸುಗೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಎಪ್ಪತ್ತರ ದಶಕದ ಮಾತು. ಉಡುಪಿ ಕಡೆಯವನು ನಾನು. ಹೋಟೆಲಿಗೆ ಸೇರದೆ ಗೋರೆಗಾಂವ್‌ನ ಒಂದು ಕಾರ್ಖಾನೆ ಸೇರಿದ್ದೆ. ಬೆಸೆದ ಉಕ್ಕನ್ನು ಮಷಿನ್‌ನಲ್ಲಿ ಎಳೆದು ಮುರಿದು ನೋಡುವುದು ನನ್ನ ಕೆಲಸ. ಬೆಸುಗೆಯಲ್ಲೇ ಮುರಿದರೆ ವೆಲ್ಡರ್ ಫೇಲ್, ಪಕ್ಕದ ಉಕ್ಕು ಮುರಿದರೆ ಪಾಸ್.

ಅಂದು ಹಗಲು ಪಾಳಿ ಮುಗಿಸಿದವನ ತಲೆಗೆ ರಾತ್ರಿ ಪಾಳಿಯೂ ಬಿದ್ದಿತ್ತು. ಕಣ್ಣು ಉರಿಯುತ್ತಿತ್ತು. ಗದಗ ಕಡೆಯ ವೆಲ್ಡರ್ ನಿಂಗಪ್ಪ ತನ್ನ ಟೆಸ್ಟ್ ಪೀಸ್ ಕೊಟ್ಟು ಬಾಗಿಲಲ್ಲೇ ನಿಂತ.

“ಸಾಹೇಬ್ರ, ಈ ಸಲನೂ ಫೇಲಾದ್ರ ಕೆಲಸದಿಂದ ತಗೀತಾರ್ರಿ. ಹೆಂಡ್ತಿ ಬಸರಿ ಅದಾಳ...”

“ಕಬ್ಬಿಣಕ್ಕೆ ಅದೆಲ್ಲ ಗೊತ್ತಾಗ್ತದಾ ಮಾರಾಯ? ಹೋಗಿ ಮಲಗು, ಬೆಳಿಗ್ಗೆ ಬಾ.”

ಮಷಿನ್ ಹಾಕಿದೆ. ಎಣ್ಣೆಯ ವಾಸನೆ, ಪಂಪಿನ ಗುರ್ ಗುರ್... ಢಂ! ಸರಿಯಾಗಿ ಬೆಸುಗೆಯ ಮೇಲೆಯೇ ಮುರಿದಿತ್ತು. ಮುರಿದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು, ಕೆಟ್ಟ ಬೆಸುಗೆಯ ಗುರುತು. ಅಯ್ಯೋ ಪಾಪ ಅನ್ನಿಸಿತು.

ಉಕ್ಕು ಎಷ್ಟು ಹಿಗ್ಗಿದೆ ಎಂದು ಅಳೆಯಲು ಮುರಿದ ಎರಡು ತುಂಡನ್ನು ಒಂದಕ್ಕೊಂದು ಕೂಡಿಸಿ ಇಡುವುದು ನಮ್ಮ ಪದ್ಧತಿ. ಹಾಗೆ ಇಟ್ಟು, ಮುಖ ತೊಳೆದು ಬಂದೆ. ಒಂದು ತುಂಡನ್ನು ಎತ್ತಿದೆ.

ಎರಡೂ ಬಂದವು...

ಜಗ್ಗಿದೆ, ತಿರುಚಿದೆ. ಬಿಡಲಿಲ್ಲ. ಉಗುರಿಗೆ ಒಂದು ಗೀರೂ ಸಿಗಲಿಲ್ಲ. ಆಗಷ್ಟೇ ಬೆಸೆದಂತೆ ಬಿಸಿ, ವೆಲ್ಡಿಂಗ್ ಹೊಗೆಯ ವಾಸನೆ.

ನಿದ್ದೆಗಣ್ಣು, ಇನ್ನೂ ಮುರಿದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಮಷಿನ್‌ಗೆ ಹಾಕಿದೆ. ಢಂ! ಈ ಸಲ ಬೆಸುಗೆ ಗಟ್ಟಿಯಾಗಿ ನಿಂತಿತ್ತು, ಪಕ್ಕದ ಉಕ್ಕು ಮುರಿದಿತ್ತು. ಪಾಸ್ ಎಂದು ಬರೆದು ಸಹಿ ಹಾಕಿದೆ. ಇನ್ನೊಮ್ಮೆ ಯೋಚಿಸುವ ತ್ರಾಣ ಇರಲಿಲ್ಲ.

ವಾಚ್‌ಮನ್ ಚಹಾ ತಂದ. ಮೆಲ್ಲಗೆ ಕೇಳಿದ, “ಸಾಬ್, ಆವಾಜ್ ದೋ ಬಾರ್ ಆಯಾ. ಪೀಸ್ ತೋ ಏಕ್ ಹೀ ಥಾ ನಾ?”

ಪೀಸ್ ಒಂದೇ, ಸದ್ದು ಎರಡು; ಅವನಿಗೂ ಕೇಳಿತ್ತು! ನಾನು ಚಹಾ ಕುಡಿದು ಲೋಟ ಅವನ ಕೈಗಿತ್ತೆ.

ನಿಂಗಪ್ಪನ ಕೆಲಸ ಉಳಿಯಿತು. ಮುಂದೆ ನಮ್ಮ ಮನೆಯ ಹತ್ತಿರ ರೈಲು ಹಳಿಗಳ ಮೇಲೆ ಕಟ್ಟಿದ ಕಾಲುಸೇತುವೆಯ ತೊಲೆಗಳನ್ನು ಬೆಸೆದವನು ಅವನೇ. ಸೇತುವೆ ಇಂದಿಗೂ ಗಟ್ಟಿಯಾಗಿದೆ. ನಾನು ಮಾತ್ರ ಮಂಡಿನೋವಿದ್ದರೂ ಸುತ್ತು ಹಾಕಿಯೇ ಹೋಗುತ್ತೇನೆ.

ಮೊಮ್ಮಗಳು ದಿನಾ ಅದನ್ನೇ ಹತ್ತಿ ಕಾಲೇಜಿಗೆ ಹೋಗುತ್ತಾಳೆ. ಅವಳು ಆಚೆ ಇಳಿದು ಕೈ ಬೀಸುವವರೆಗೆ ನಾನು ಈಚೆ ಆ ‘ಢಂ’ ಸದ್ದಿಗೆ ಕಿವಿಗೊಟ್ಟು ನಿಂತಿರುತ್ತೇನೆ...