ಪಿಳ್ಳಪ್ಪನ ಸಕ್ಕರೆಯೂ ಹಿರಿಯರ ಎಡೆಯೂ

ನನ್ನ ಮೈದುನ ಪಿಳ್ಳಪ್ಪ ಹುಟ್ಟಿದ್ದು ಹೊಲದ ಬದುವಿನ ಮೇಲೆ. ಅವರೆಕಾಯಿ ಬಿಡಿಸಲು ಹೋದ ನಮ್ಮತ್ತೆ ತಲೆಯ ಮೇಲೆ ಕುಕ್ಕೆ, ಮಡಿಲಲ್ಲಿ ಇವನನ್ನು ಇಟ್ಟುಕೊಂಡು ಮನೆಗೆ ಬಂದರಂತೆ. ನಾನು ಸೊಸೆಯಾಗಿ ಬಂದ ಮೇಲೂ ಅವನು ಕೂತದ್ದನ್ನು ಕಂಡವಳಲ್ಲ. ಕೋಳಿ ಕೂಗುವ ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತು ಬೇಗೂರಿಗೆ ನಡೆದು, ಬಿಸಿಲೇರುವಷ್ಟರಲ್ಲಿ ವಾಪಸು ಬಂದು ನೇಗಿಲು ಹಿಡಿಯುತ್ತಿದ್ದ. ಆಮೇಲೆ ಹೊಲದ ಮೇಲೆ ರಸ್ತೆ ಬಂತು, ರಸ್ತೆಯ ಪಕ್ಕ ಗಾಜಿನ ಆಫೀಸು ಬಂತು. ಪಿಳ್ಳಪ್ಪ ನಾಲ್ಕು ಅಂತಸ್ತಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು, ಬಾಗಿಲ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಹದಿನೈದು ವರ್ಷ ಏಳಲಿಲ್ಲ. ಅಷ್ಟರಲ್ಲಿ ಎರಡು ಕುರ್ಚಿ ಮುರಿದವು. ಮೂರನೆಯದನ್ನು ಅವನ ಹೆಂಡತಿ ವನಜ ಕಬ್ಬಿಣದ್ದೇ ಮಾಡಿಸಿದಳು.

ಅರವತ್ತೆರಡಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ಎರಡೂ ಕಣ್ಣಿಗೆ ಪೊರೆ ಬಂತು. ಪಿಳ್ಳಪ್ಪ ಒಪ್ಪಲಿಲ್ಲ. ಕರೆಂಟಿನವರು ಬೆಳಕು ಕಡಿಮೆ ಬಿಡುತ್ತಿದ್ದಾರೆ ಎಂದು ವರ್ಷವಿಡೀ ಬೈದ. ಆಷಾಢದಲ್ಲಿ ನನ್ನ ಗಂಡನ ತಿಥಿಗೆ ಬಂದವನು ಕೈಕಾಲು ತೊಳೆದು, ಗೋಡೆಯ ಮುಂದೆ ನಿಂತು ಭಕ್ತಿಯಿಂದ ಕೈಮುಗಿದ.

“ಅಣ್ಣ ಯಾಕತ್ಗೆ ಇಷ್ಟು ಕಪ್ಪಾಗವನೆ?”

“ಅದು ಟೀವಿ ಕಣಪ್ಪ. ನಿಮ್ಮಣ್ಣ ಪಕ್ಕದಾಗವ್ರೆ.”

“ಮತ್ತೆ ಪೋಟೋನ ಅಷ್ಟು ಚಿಕ್ಕದಾಗಿ ಯಾಕ್ ಮಾಡ್ಸಿದೆ?” ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದ. ಆದರೆ ಅವತ್ತು ಊಟ ಮಾಡುವಾಗ ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ತಡಕಿ ಹುಡುಕಿದ. ನಾನು ನೋಡಿಯೂ ನೋಡದವಳಂತೆ ಇದ್ದೆ.

ಮಾರನೆಯ ವಾರ ವನಜ ಅವನನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು. ಜೊತೆಗೆ ನಾನೂ ಹೋದೆ. ಡಾಕ್ಟರಮ್ಮ ಚೀಟಿ ನೋಡಿ ತಲೆಯಾಡಿಸಿದರು.

“ಸಕ್ಕರೆ ಮುನ್ನೂರ ಹನ್ನೆರಡಿದೆ ಯಜಮಾನ್ರೇ. ಹೀಗಿದ್ರೆ ಆಪರೇಷನ್ ಮಾಡೋಕಾಗಲ್ಲ, ಗಾಯ ಮಾಯಲ್ಲ. ಇನ್ನೂರರ ಒಳಗೆ ಇಳಿಸ್ಕೊಂಡು ಬನ್ನಿ. ಮಹಾಲಯ ಅಮಾವಾಸ್ಯೆ ಆದ್ಮೇಲೆ ಬರೋ ಬುಧವಾರಕ್ಕೆ ಬರ್ಕೊಂಡಿದೀನಿ. ತಡ ಮಾಡ್ಬೇಡಿ, ಪೊರೆ ಬಲಿತು ಗಟ್ಟಿಯಾಗ್ತಿದೆ.”

“ಮೇಡಂ, ಕೆಟ್ಟಿರೋದು ಕಣ್ಣು. ಬಾಯಿಗ್ಯಾಕೆ ಶಿಕ್ಷೆ?” ಎಂದ ಪಿಳ್ಳಪ್ಪ.

ಡಾಕ್ಟರಮ್ಮ ನಗಲಿಲ್ಲ. ಪಕ್ಕದ ಕೋಣೆಯಲ್ಲಿ ಊಟದ ವಿಷಯ ಹೇಳುವ ಹುಡುಗಿಯೊಬ್ಬಳು ಅರ್ಧ ಗಂಟೆ ಪಾಠ ಮಾಡಿದಳು. ಮಾತ್ರೆ ತಪ್ಪಿಸಬೇಡಿ, ತಟ್ಟೆಯ ಅರ್ಧ ಸೊಪ್ಪು ತರಕಾರಿ ಇರಲಿ, ಮುದ್ದೆ ಮಕ್ಕಳಾಡುವ ಚೆಂಡಿನಷ್ಟು ಸಾಕು, ದಿನಾ ನಡೆಯಿರಿ. ಇಷ್ಟರಲ್ಲಿ ಪಿಳ್ಳಪ್ಪನ ಕಿವಿಗೆ ಬಿದ್ದದ್ದು ಕೊನೆಯದೊಂದೇ. ಯಾಕೆಂದರೆ ಅದಕ್ಕೆ ಬೂಟು ಕೊಳ್ಳಬಹುದಿತ್ತು.

ನಮ್ಮ ದಾಯಾದಿ ಕೃಷ್ಣಪ್ಪ ಅಷ್ಟರಲ್ಲಾಗಲೇ ಕೆರೆ ಏರಿಯ ಮೇಲೆ ವಾಕಿಂಗ್ ಗೆಳೆಯರ ಬಳಗ ಕಟ್ಟಿದ್ದ. ಎಲ್ಲರಿಗೂ ಹಳದಿ ಟೀಶರ್ಟು, ಬೆನ್ನ ಮೇಲೆ ಕೃಷ್ಣಪ್ಪನದೇ ಮುಖ. ಪಿಳ್ಳಪ್ಪನನ್ನು ಹಾರ ಹಾಕಿ ಸೇರಿಸಿಕೊಂಡರು. ಮನೆಯಿಂದ ಕೆರೆಗೆ ಕೂಗಳತೆ ದೂರ. ಅಷ್ಟು ದೂರ ನಡೆದರೆ ವಾಕಿಂಗಿಗೆ ಸುಸ್ತಾಗುತ್ತದೆಂದು ಎಲ್ಲರೂ ಸ್ಕೂಟರಿನಲ್ಲಿ ಬರುವರು. ಏರಿಯ ಮೇಲೆ ಒಂದು ಸುತ್ತು, ವಾರ್ಡಿನ ಟಿಕೆಟ್ಟು ಯಾರಿಗೆ ಎಂಬ ಜಗಳ ಎರಡು ಸುತ್ತು. ಆಮೇಲೆ ಹೋಟೆಲು. ನಾನು ದಿನಾ ಹಾಲು ತರುವ ಡೈರಿ ಆ ಹೋಟೆಲಿನ ಎದುರಿಗೇ ಇರುವುದರಿಂದ ನನ್ನ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು.

“ಕಾಫಿಗೆ ಸಕ್ಕರೆ ಹಾಕ್ಬೇಡ ಗುರು, ನಮ್ಮಣ್ಣಂಗೆ ಶುಗರ್ರು!” ಎಂದು ಕೃಷ್ಣಪ್ಪ ಊರಿಗೆಲ್ಲ ಕೇಳುವಂತೆ ಕೂಗುವನು. ಸಕ್ಕರೆಯಿಲ್ಲದ ಆ ಕಾಫಿಯ ಜೊತೆ ಎರಡು ವಡೆ, ಒಂದು ಕೇಸರಿಬಾತು ಬರುವವು. ಪಾಪ, ಪಿಳ್ಳಪ್ಪನಿಗೆ ಕಾಣದೆಂದು ಗೆಳೆಯರೇ ಚಮಚವನ್ನು ಕೈಗಿಡುವರು. ಅಷ್ಟು ಪ್ರೀತಿ.

ತಿಂಗಳಾಗುವಷ್ಟರಲ್ಲಿ ತೂಕ ಎರಡು ಕೇಜಿ ಏರಿತು, ಸಕ್ಕರೆ ಮುನ್ನೂರ ಇಪ್ಪತ್ತು ಆಯಿತು.

“ತೂಕ ಏರಿದ್ದು ಕೊಬ್ಬಲ್ಲ ಅಣ್ಣ, ಶಕ್ತಿ” ಎಂದು ಕೃಷ್ಣಪ್ಪ ಧೈರ್ಯ ಹೇಳಿದ.

ಪಿಳ್ಳಪ್ಪನ ಮನೆಯ ಮೇಲಂತಸ್ತಿನ ಶೀಟಿನ ಕೋಣೆಯಲ್ಲಿ ಹನುಮವ್ವ ಎಂಬ ಬಾಡಿಗೆಯವಳಿದ್ದಾಳೆ. ಲಿಂಗಸುಗೂರು ಕಡೆಯವಳು, ಗಾಜಿನ ಆಫೀಸಿನಲ್ಲಿ ನೆಲ ಒರೆಸುವ ಕೆಲಸ. ದಿನಾ ಆರು ಗಂಟೆಗೆ ಡಬ್ಬಿ ಹಿಡಿದು ಬಸ್ ಸ್ಟಾಪಿಗೆ ನಡೆಯುತ್ತಾಳೆ. ನಮ್ಮ ಒಳರಸ್ತೆಗೆ ಬಸ್ಸಿಲ್ಲ, ಎರಡು ಕಿಲೋಮೀಟರು ಬೇಕು. ಒಂದು ಬೆಳಿಗ್ಗೆ ಪಿಳ್ಳಪ್ಪ ಬೂಟು ಹಾಕಿಕೊಂಡು ಸ್ಕೂಟರಿಗೆ ಕಾಯುತ್ತಿದ್ದ. ಹನುಮವ್ವ ನಿಂತು ನೋಡಿದಳು.

“ಮಾಲಕ್ರ, ನಡಿಯಾಕ ಹೋಗವ್ರು ಗಾಡಿ ಮ್ಯಾಲೆ ಯಾಕ ಹೊಂಟೀರಿ?”

“ಕಣ್ ಕಾಣಲ್ಲ ಕಣಮ್ಮ. ಎಡವಿ ಬಿದ್ರೆ?”

“ನನ್ನ ಕೂಡ ಬರ್ರಿ. ನನ್ನ ಕಣ್ಣು ನಿಮಗ, ನಿಮ್ಮ ಕೈ ನನ್ನ ಡಬ್ಬಿಗಿ. ಲೆಕ್ಕ ಸರಿ ಹೋತು.”

ಪಿಳ್ಳಪ್ಪನಿಗೆ ಏನು ತೋಚಿತೋ, ಡಬ್ಬಿ ಹಿಡಿದುಕೊಂಡು ಹೊರಟೇಬಿಟ್ಟ. ಹಾಲು ತರುವ ನೆಪದಲ್ಲಿ ನಾನೂ ಹಿಂದೆ ಹೊರಟೆ. ಬರುವಾಗ ಅವನನ್ನು ಕೈಹಿಡಿದು ತರಲು ಯಾರಾದರೂ ಬೇಕಲ್ಲ. ದಾರಿಯುದ್ದಕ್ಕೂ ಹನುಮವ್ವನದೇ ಕೂಗು. “ಎಡಕ ಕಲ್ಲೈತ್ರೀ, ಮುಂದ ತಗ್ಗೈತ್ರೀ, ಸಾವಕಾಶ ಬರ್ರಿ, ನಾಯಿ ಮಲಗೇತ್ರೀ!” ಮೊದಲ ದಿನ ಪಿಳ್ಳಪ್ಪ ಒಂಬತ್ತು ಕಡೆ ಕೂತ. ಹದಿನೈದನೆಯ ದಿನ ಒಂದೇ ಕಡೆ. ನನ್ನ ಮಂಡಿಯೂ ಅಷ್ಟರಲ್ಲಿ ಕಿರುಗುಟ್ಟುವುದನ್ನು ಬಿಟ್ಟಿತು.

ಊರಲ್ಲಿ ಗುಲ್ಲಾಯಿತು. ನಾಲ್ಕಂತಸ್ತಿನ ಮಾಲೀಕ ಬಾಡಿಗೆಯವಳ ಡಬ್ಬಿ ಹೊರುತ್ತಾನೆ! ಕೃಷ್ಣಪ್ಪ ಸ್ಕೂಟರು ನಿಲ್ಲಿಸಿ ಕೇಳಿದ.

“ಏನಣ್ಣ, ಕೂಲಿ ಎಷ್ಟು ಕೊಡ್ತಾಳೆ?”

“ದಿನಕ್ಕೆ ಅರ್ಧ ರೊಟ್ಟಿ ಕೊಡ್ತಾಳೆ ಕಣ್ಲಾ. ನಿನ್ ಬಳಗದಾಗೆ ಎಲ್ಡು ವಡೆ ತಿಂದು ಕಣ್ ಕಳ್ಕೊಳೋದ್ಕಿಂತ ವಾಸಿ.”

ಮನೆಯಲ್ಲಿ ವನಜ ಮೊಮ್ಮಗನ ಚೆಂಡನ್ನು ಪಕ್ಕದಲ್ಲಿಟ್ಟುಕೊಂಡೇ ಮುದ್ದೆ ಕಟ್ಟುತ್ತಿದ್ದಳು. ಪಿಳ್ಳಪ್ಪ ತಟ್ಟೆಯಲ್ಲಿ ತಡಕಾಡಿ, “ಇದೇನ್ ಮುದ್ದೆನಾ, ಮಾತ್ರೆನಾ?” ಎನ್ನುವನು. ಅವಳು ಎರಡು ಸೌಟು ಸೊಪ್ಪು ಸುರಿದು, “ಬಾಯ್ಮುಚ್ಕೊಂಡು ಉಣ್ಣು, ಕಣ್ ಬಂದ್ಮೇಲೆ ನೋಡೀವಂತೆ” ಎನ್ನುವಳು. ಗಣೇಶನ ಹಬ್ಬ ಮುಗಿಯುವ ಹೊತ್ತಿಗೆ ಸಕ್ಕರೆ ನೂರ ತೊಂಬತ್ತಕ್ಕೆ ಇಳಿಯಿತು. ವನಜ ಸಂತೋಷಕ್ಕೆ ದೇವರಿಗೆ ಕಾಯಿ ಒಡೆದಳು. ಅಷ್ಟರಲ್ಲಿ ಪಿತೃಪಕ್ಷ ಬಂತು.

ನಮ್ಮಲ್ಲಿ ಆ ಹದಿನೈದು ದಿನದಲ್ಲಿ ಒಂದೊಂದು ಮನೆಯವರು ಒಂದೊಂದು ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಏನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋದ ಮೇಲೆ ನಾವು ಉಣ್ಣಬೇಕು. ಪಿಳ್ಳಪ್ಪನದೂ ನನ್ನದೂ ಒಂದೇ ಎಡೆ. ಅದನ್ನೂ ಸೇರಿಸಿ ದಾಯಾದಿಗಳದು ಒಟ್ಟು ಏಳು ಮನೆ. ನನ್ನ ಗಂಡ ಹೋದ ಮೇಲೆ ವಂಶಕ್ಕೆ ಪಿಳ್ಳಪ್ಪನೇ ಹಿರಿಯ. ಏಳೂ ಮನೆಯಲ್ಲಿ ಅವನು ಮೊದಲ ತುತ್ತು ಇಡದೆ ಇನ್ನೊಬ್ಬರು ಎಲೆ ಮುಟ್ಟುವಂತಿಲ್ಲ.

ಮೊದಲ ಎಡೆ ಕೃಷ್ಣಪ್ಪನ ಮನೆಯದು. ಈಗಿನವರಿಗೆ ಹಿರಿಯರ ಮುಖವೇ ನೆನಪಿಲ್ಲ, ಇಷ್ಟ ಎಲ್ಲಿಂದ ನೆನಪಿರಬೇಕು? ತಮಗೆ ಇಷ್ಟವಾದದ್ದನ್ನೆಲ್ಲ ಅಜ್ಜನ ಹೆಸರಲ್ಲಿ ಇಟ್ಟಿದ್ದರು. ಜಾಮೂನು, ಜಿಲೇಬಿ, ಗೋಬಿ ಮಂಚೂರಿ, ಕೇಕು. ಆ ಅಜ್ಜ ಬದುಕಿದ್ದಾಗ ಕೇಕು ಕಂಡಿದ್ದರೆ ಸೋಪೆಂದು ಮೈಗೆ ಉಜ್ಜಿಕೊಳ್ಳುತ್ತಿದ್ದ. ಪಿಳ್ಳಪ್ಪ ಆರು ಜಾಮೂನು, ನಾಲ್ಕು ಜಿಲೇಬಿ ತಿಂದ. ನಾನು ಪಕ್ಕೆ ತಿವಿದೆ.

“ಎಡೆ ಪ್ರಸಾದ್ದಾಗೆ ಸಕ್ರೆ ಇರಾಕಿಲ್ಲ ಅತ್ಗೆ” ಎಂದ, ತುಂಬ ಓದಿದವನಂತೆ. “ಸತ್ತೋರು ಬಂದು ಅದ್ರ ಸತ್ವ ಎಲ್ಲಾ ತಕ್ಕಂಡ್ ಓಗ್ಬುಟ್ಟಿರ್ತಾರೆ. ನಮ್ಗೆ ಉಳಿಯೋದು ಬರೀ ಸಿಪ್ಪೆ.”

“ಸಿಪ್ಪೆ ಅಂತ ಯಾರ್ ಹೇಳಿದ್ರು?”

“ಯೋಚ್ನೆ ಮಾಡು. ಸಿಹಿ ಅವ್ರು ತಕ್ಕಳ್ದಿದ್ರೆ ಇಷ್ಟು ದೂರದಿಂದ ಯಾಕ್ ಬತ್ತಾರೆ?”

ಸುತ್ತ ಕೂತಿದ್ದವರೆಲ್ಲ ತಲೆದೂಗಿದರು. ಅವರಲ್ಲಿ ನಾಲ್ಕು ಜನಕ್ಕೆ ಸಕ್ಕರೆ ಕಾಯಿಲೆ.

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ನೋಡಿದರೆ ಇನ್ನೂರ ಎಂಬತ್ತು. ವನಜ ಬಾಗಿಲಲ್ಲೇ ಕೂತು ಅತ್ತಳು. “ಇನ್ನಾರು ಮನೆ ಐತಲ್ಲಕ್ಕ. ಆ ಬುದ್ವಾರ ತಪ್ಪಿದ್ರೆ ಇವ್ರ ಕಣ್ ಓಯ್ತು. ಒಲ್ಲೆ ಅಂದ್ರೆ ಹಿರಿಯರಿಗೆ ಅವಮಾನ ಅಂತಾರೆ.” ಪಿಳ್ಳಪ್ಪ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಮುಖ ಮೇಲೆತ್ತಿ, “ಅತ್ಗೆ, ಹೊತ್ತು ಉಟ್ಟದಾ ಇಲ್ಲಾ ಮೋಡವಾ?” ಎಂದು ಕೇಳಿದ. ಬಿಸಿಲು ಅವನ ಮುಖದ ಮೇಲೆಯೇ ಇತ್ತು.

ಅವತ್ತೇ ಚಪ್ಪಲಿ ಮೆಟ್ಟಿ ಹೊರಟೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಈ ಏಳು ಮನೆಯ ಸತ್ತವರೆಲ್ಲ ನನ್ನ ಕೈಯಲ್ಲಿ ಉಂಡವರು. ಯಾರು ಏನು ಉಣ್ಣುತ್ತಿದ್ದರು ಎಂದು ಹೇಳಲು ಊರಲ್ಲಿ ಉಳಿದಿರುವವಳು ನಾನೊಬ್ಬಳೇ. ಎರಡನೇ ಮನೆಯಲ್ಲಿ ಸೊಸೆ ಲಾವಣ್ಯ ಫೋನು ಹಿಡಿದು ಸಿಹಿತಿಂಡಿಗೆ ಆರ್ಡರು ಕೊಡುತ್ತಿದ್ದಳು.

“ನಿಲ್ಸೆ ಅದನ್ನ. ನಿಮ್ ತಾತ ಜಾಮೂನು ತಿಂತಿದ್ನಾ?”

“ಗೊತ್ತಿಲ್ಲ ದೊಡ್ಡಮ್ಮ. ಏನ್ ತಿಂತಿದ್ರು?”

“ಹುರುಳಿಕಾಳು ಬಸ್ಸಾರು, ಅಣ್ಣೆಸೊಪ್ಪು, ಇಷ್ಟೇ ಇಷ್ಟು ಮುದ್ದೆ.”

“ಸ್ವೀಟು?”

“ಬಾಯಲ್ಲಿ ಹಲ್ಲೇ ಇರ್ಲಿಲ್ಲ ಅವನಿಗೆ.”

“ಜಾಮೂನಿಗೆ ಹಲ್ಲು ಯಾಕ್ ಬೇಕು ದೊಡ್ಡಮ್ಮ?”

“ಎದುರು ಮಾತಾಡ್ಬೇಡ. ಇಷ್ಟ ಇಲ್ದಿದ್ದು ಇಟ್ರೆ ಉಣ್ದೆ ಹೊಂಟೋಯ್ತಾನೆ. ಆಮೇಲೆ ನನ್ ಕನಸಲ್ಲಿ ಬಂದು ಬೈತಾನೆ, ನಿನ್ ಕನಸಿಗೆ ಬರಲ್ಲ.”

ಹೀಗೆ ಐದು ಮನೆ ತಿರುಗಿದೆ. ಒಬ್ಬಳಿಗೆ ಒಂದಗೊನೆ ಸೊಪ್ಪು, ಇನ್ನೊಬ್ಬಳಿಗೆ ನಾಟಿ ಕೋಳಿಯ ತಿಳಿಸಾರು, ಮತ್ತೊಬ್ಬಳಿಗೆ ಹೆಸರುಕಾಳಿನ ಉಸಲಿ ಎಂದು ಹೇಳಿದೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ನಾನು ಹೋದ ಮೇಲೆ ಅವರ ಹತ್ತಿರವೇ ಇತ್ಯರ್ಥ ಮಾಡಿಕೊಳ್ಳುತ್ತೇನೆ. ಪಿಳ್ಳಪ್ಪ ಮನೆಯಿಂದ ಮನೆಗೆ ಹೋಗಿ, ಮೊದಲ ತುತ್ತಿಟ್ಟು, ಮುಖ ಸಣ್ಣಗೆ ಮಾಡಿಕೊಂಡು ಬರುತ್ತಿದ್ದ. ನಾಲ್ಕನೆಯ ಮನೆಯಲ್ಲಿ ತಡೆಯಲಾಗಲಿಲ್ಲ.

“ಅಲ್ಲ ಅತ್ಗೆ, ನಮ್ ವಂಸ್ದಾಗೆ ಬಾಯಿ ರುಚಿ ಕಂಡೋನು ಒಬ್ನೂ ಸಾಯ್ಲೇ ಇಲ್ವಾ?”

“ಅಂಥೋರು ಇನ್ನೂ ಬದುಕವ್ರೆ, ಅದ್ಕೇ ತೊಂದ್ರೆ” ಎಂದೆ.

ಬೆಳಗಿನ ನಡಿಗೆ ಮಾತ್ರ ತಪ್ಪಲಿಲ್ಲ. ಹನುಮವ್ವ ಬಿಡುತ್ತಿರಲಿಲ್ಲ. “ಸತ್ತವ್ರ ಹೆಸರ್ಲೆ ಆರಾಮ ಮಾಡಬ್ಯಾಡ್ರಿ, ಏಳ್ರಿ” ಎಂದು ಬಾಗಿಲು ಬಡಿಯುವಳು.

ಅಮಾವಾಸ್ಯೆಯ ದಿನ ಕೊನೆಯ ಎಡೆ ನನ್ನ ಮನೆಯಲ್ಲಿ. ಇಲ್ಲಿ ನನ್ನ ಕಾಲಿಗೆ ನಾನೇ ಹಗ್ಗ ಸುತ್ತಿಕೊಂಡಿದ್ದೆ. ನನ್ನ ಗಂಡನಿಗೆ ಕಜ್ಜಾಯವೆಂದರೆ ಪ್ರಾಣ. ಪಾಕ ಬಾಣಲೆಯಲ್ಲಿರುವಾಗಲೇ ಬಂದು ಒಲೆಯ ಪಕ್ಕ ಕೂರುತ್ತಿದ್ದರು. ಊರಿನ ಸತ್ತವರಿಗೆಲ್ಲ ಪಥ್ಯ ಮಾಡಿಸಿದವಳು ನನ್ನವರಿಗೆ ಮಾತ್ರ ಸಿಹಿ ಇಟ್ಟರೆ ಹೇಗೆ? ಇಡದಿದ್ದರೆ ಅವರ ಮುಖ ಹೇಗೆ ನೋಡಲಿ? ಕೊನೆಗೆ ಒಂದೇ ಒಂದು ಕಜ್ಜಾಯ ಸುಟ್ಟೆ. ಎಲೆಯ ಮೂಲೆಯಲ್ಲಿ ಸೊಪ್ಪಿನ ಕೆಳಗೆ ಮುಚ್ಚಿಟ್ಟು ಬಾಗಿಲು ಹಾಕಿದೆ. ಬಾಗಿಲು ತೆಗೆದಾಗ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ, ಅದನ್ನೆತ್ತಿ ಬಾಯಿಗೆ ಹಾಕಿಕೊಂಡು ಸೆರಗು ಅಡ್ಡ ಹಿಡಿದೆ.

ಹಿಂದೆಯೇ ಬಂದ ಪಿಳ್ಳಪ್ಪ ಮೂಗು ಅರಳಿಸಿದ. “ಕಜ್ಜಾಯದ್ ವಾಸ್ನೆ ಬತ್ತದೆ.”

ನಾನು ಬಾಯಿ ತೆರೆಯುವಂತಿರಲಿಲ್ಲ. ವನಜ ನನ್ನ ಉಬ್ಬಿದ ಕೆನ್ನೆ ನೋಡಿ, “ಪಕ್ಕದ್ ಮನೇದು ಕಣ್ರೀ, ಕೂತ್ಕೊಳಿ” ಎಂದಳು. ಅವನು ಕೂತು ಸೊಪ್ಪು, ಮುದ್ದೆ ಉಂಡು ಎದ್ದ.

ಬುಧವಾರ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದರು. ನೂರ ಅರವತ್ತೆಂಟು. ಡಾಕ್ಟರಮ್ಮ, “ಹಬ್ಬದ ಊಟ ಬಿಟ್ಬಿಟ್ರಾ ಯಜಮಾನ್ರೇ?” ಎಂದರು. “ಇಲ್ಲ ಮೇಡಂ, ಏಳ್ ಮನೇಲೂ ಉಂಡಿವ್ನಿ” ಎಂದ ಪಿಳ್ಳಪ್ಪ ಎದೆಯುಬ್ಬಿಸಿ. ಮಧ್ಯಾಹ್ನಕ್ಕೆ ಬಲಗಣ್ಣಿನ ಆಪರೇಷನ್ ಮುಗಿಯಿತು.

ಧೂಳು ತಾಗಬಾರದೆಂದು ಒಂದು ತಿಂಗಳು ಮನೆಯೊಳಗೇ ನಡೆದ. ಹೊರಗೆ ಬಿಟ್ಟ ದಿನ ಮೊದಲು ನನ್ನ ಮನೆಗೆ ಬಂದ. ಟೀವಿಯ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣನ ಫೋಟೋದ ಮುಂದೆ ಬಹಳ ಹೊತ್ತು ನಿಂತು, ಕೈಮುಗಿದು, ನನ್ನ ಕಡೆ ತಿರುಗಿದ.

“ಅಣ್ಣ ನಗ್ತಾವ್ನೆ ಅತ್ಗೆ. ಒಂದು ಕಜ್ಜಾಯಕ್ಕೇ ತೃಪ್ತಿಯಾಗವ್ನೆ.”

ನಾನು ಮತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ.

“ಕಣ್ ಓಗಿತ್ತು ಅಷ್ಟೆ. ಮೂಗು ನೆಟ್ಟಗಿತ್ತು. ನಾನ್ ಬಾಯ್ಬಿಟ್ಟಿದ್ರೆ ಬರೋ ವರ್ಸ ನೀನ್ ಅಣ್ಣಂಗೆ ಅದ್ನೂ ಇಡ್ತಿರ್ಲಿಲ್ಲ, ಅದ್ಕೆ ಸುಮ್ನಾದೆ.”

ಮಾರನೆಯ ಬೆಳಿಗ್ಗೆ ಆರಕ್ಕೆ ಪಿಳ್ಳಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಡಬ್ಬಿ ಹಿಡಿದು ಎಲ್ಲರಿಗಿಂತ ಮುಂದೆ ಹೊರಟ. ಹನುಮವ್ವನೂ ನಾನೂ ಹಿಂದೆ.

“ಹನುಮವ್ವ, ಎಡಕ ಕಲ್ಲೈತ್ರೀ!” ಎಂದು ಅವಳ ರಾಗದಲ್ಲೇ ಕೂಗಿದ. “ಮುಂದ ತಗ್ಗೈತ್ರೀ! ನಾಯಿ ಮಲಗೇತ್ರೀ!”

“ನನ್ನ ಕಣ್ಣು ಚಲೋ ಅದಾವ್ರೀ ಮಾಲಕ್ರ” ಎಂದಳು ಹನುಮವ್ವ. “ಡಬ್ಬಿ ನೆಟ್ಟಗ ಹಿಡೀರಿ, ಪಲ್ಯ ಚೆಲ್ಲಾಕತ್ತೈತಿ.”