ವಲ್ಲಿಯ ಕೆಳಗಿನ ಕೈ

ಆ ಹೊಸ ಬಿಸಿನೆಸ್ ಸ್ಕೂಲಿನಲ್ಲಿ ಗೋಡೆಗಳೇ ಇರಲಿಲ್ಲ, ಎಲ್ಲ ಗಾಜು. ಡೀನ್ ಮೊದಲ ದಿನವೇ ಅದನ್ನು ತಡವಿ ತೋರಿಸಿದ. ‘ಇಲ್ಲಿ ಮುಚ್ಚುಮರೆ ಇಲ್ಲ, ಎಲ್ಲ ಪಾರದರ್ಶಕ’ ಎಂದ. ಮೂಗು ಕೆರೆದುಕೊಂಡರೂ ನಲವತ್ತು ಜನ ಸಾಕ್ಷಿ. ಹೊರಗೆ ಥಳಕು, ಒಳಗೆ ಹುಳುಕು ಎಂದು ಅವತ್ತೇ ಬೈದುಕೊಂಡೆ. ಹಾವೇರಿಯ ಕಾಲೇಜಿನಲ್ಲಿ ಸೋರುವ ಮಾಳಿಗೆಯ ಕೆಳಗೆ ಇಪ್ಪತ್ತು ವರ್ಷ ಅರ್ಥಶಾಸ್ತ್ರ ಕಲಿಸಿ ಬಂದವನು ನಾನು. ಇಲ್ಲಿಯ ಪಂಡಿತರಿಗೆ ಉಳ್ಳಾಗಡ್ಡಿ ರೇಟು ಗೊತ್ತಿಲ್ಲ, ಆದರೆ ಮಾರುಕಟ್ಟೆಯ ಬಗ್ಗೆ ಬಾಯಿ ತೆರೆದರೆ ಊಟದ ಹೊತ್ತು ಮೀರಿದರೂ ಮುಚ್ಚುವುದಿಲ್ಲ.

ಆದರೆ ಕೆಲಸ ನನಗೆ ಬೇಕಿತ್ತು. ಕಾಯಂ ಆದರೆ, ರಾಣೆಬೆನ್ನೂರಿನ ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ ಕೆಲಸ ಬಿಟ್ಟು ಬರುವವಳು. ಆಗದಿದ್ದರೆ ನಾನೇ ಗಂಟುಮೂಟೆ ಕಟ್ಟುವವನು. ಅದೆಲ್ಲ ನಿಂತದ್ದು ಡೀನ್ ಎದುರು ಮಾಡಬೇಕಾದ ಒಂದು ಪಾಠದ ಮೇಲೆ. ‘ನಿಮ್ಮ ಕಡೆಯ ಹಿಂದುಳಿದ ಮಾರುಕಟ್ಟೆಯೊಂದನ್ನು ತೋರಿಸಿ’ ಎಂದ. ಹಿಂದುಳಿದ ಅಂತೆ, ನಿನ್ನ ತಲಿ! ಆದರೂ ಗೋಣು ಹಾಕಿದೆ.

ಬ್ಯಾಡಗಿಯ ನನ್ನ ಸೋದರಮಾವ ಹಾವೇರಿಯ ದನದ ಪೇಟೆಯಲ್ಲಿ ದಲ್ಲಾಳಿ. ಎತ್ತು ಮಾರುವವನ ಕೈ ಹಿಡಿದು, ಹೆಗಲ ಮೇಲಿನ ವಸ್ತ್ರ, ಅಂದರೆ ವಲ್ಲಿಯನ್ನು ಅದರ ಮೇಲೆ ಹೊದಿಸಿ, ಬೆರಳು ಒತ್ತಿಯೇ ರೇಟು ಹೇಳುತ್ತಾರೆ. ಬಾಯಿ ಮಳೆ ಬೆಳೆಯ ಮಾತಾಡುತ್ತಿರುತ್ತದೆ. ನಾನು ಊರು ಬಿಡುವಾಗ ಅವರು ನನ್ನ ಹೆಗಲಿಗೆ ಹಾಕಿ ಕಳಿಸಿದ್ದ ವಲ್ಲಿಯನ್ನೇ ಡೀನನ ಕೈ ಮೇಲೆ ಹೊದಿಸಿ, ತರಗತಿಯಲ್ಲಿ ಅದನ್ನೆಲ್ಲ ಆಡಿ ತೋರಿಸಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಅವನ ನಾಲಗೆಗೆ ರುಚಿಸುವ ಹಾಗೆ ಹೇಳಿದೆ: ‘ಇದು ಬೆಲೆ ಬಚ್ಚಿಡುವ ಪದ್ಧತಿ. ಓದು ಬರಹ ಇಲ್ಲದವರ ಪೇಟೆ.’ ಡೀನ್ ಚಪ್ಪಾಳೆ ತಟ್ಟಿ, ಆ ವಲ್ಲಿ ನನಗೆ ಕೊಡಿ ಎಂದ. ಹಲ್ಲು ಕಿರಿದು ಕೊಟ್ಟೆ, ಥೂ!

ಕೆಲಸ ಸಿಕ್ಕಂತೆಯೇ ಎಂದು ಅವತ್ತೇ ಹೆಂಡತಿಗೆ ಕೊಚ್ಚಿಕೊಂಡೆ. ಆಮೇಲೆ ಮಾಮಾನಿಗೂ ಫೋನ್ ಹಚ್ಚಿ ಪಾಠದ ಕಥೆ ಹೇಳಿದೆ. ಮಾಮಾ ನಗಲಿಲ್ಲ.

“ಬಚ್ಚಿಡೂದಂತ ಹೇಳಿದೇನ? ಪ್ಯಾಟ್ಯಾಗ ರೇಟು ಏನ ನಡದೈತಿ ಅನ್ನೂದು ಅಲ್ಲಿ ಕಟ್ಟಿದ ಹೋರಿಗೂ ಗೊತ್ತಿರತೈತಿ.”

“ಮತ್ತ ವಲ್ಲಿ ಯಾಕ್ರಿ ಮಾಮಾ?”

“ದವಾಖಾನಿ ಖರ್ಚಿಗಂತ ಒಬ್ಬಾಂವ ಎತ್ತು ಹೊಡಕೊಂಡು ಬಂದಿರತಾನ. ಅಡಚಣಿ ಐತಿ, ಕಡಿಮಿಗೆ ಕೊಡಬೇಕಾಗತೈತಿ. ಅಂವ ಎಷ್ಟಕ್ಕ ಬಗ್ಗಿದಾ ಅನ್ನೂದು ನಾಕ ಮಂದಿ ಮುಂದ ಆಗಬಾರದು. ಅದಕ್ಕ ವಲ್ಲಿ. ಇಷ್ಟು ಕಲತು ಇದೊಂದು ತಿಳೀಲಿಲ್ಲೇನಲೇ ನಿನಗ?”

ನೆಟ್‌ವರ್ಕ್ ಸರಿ ಇಲ್ಲ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಹಳ್ಳಿ ಮುದುಕನಿಗೆ ಅರ್ಥಶಾಸ್ತ್ರ ಏನು ಗೊತ್ತು ಎಂದು ಗೊಣಗಿಕೊಂಡೆ ಕೂಡ.

ಮುಂದಿನ ವಾರ ಡೀನ್ ತನ್ನ ಗಾಜಿನ ಕೋಣೆಗೆ ಕರೆದ. ಕೆಲಸ ಕಾಯಂ ಅಂತೆ. ಆದರೆ ಸಂಬಳ ಮೊದಲು ಹೇಳಿದ್ದಕ್ಕಿಂತ ಕಡಿಮೆ, ಹುದ್ದೆಯೂ ಒಂದು ಮೆಟ್ಟಿಲು ಕೆಳಗೆ. ‘ನಿಮ್ಮ ಅನುಭವ ಅಂಥ ಊರಿನದ್ದಲ್ಲವೇ, ನೀವೇ ತೋರಿಸಿದಿರಿ’ ಎಂದು ನಗುತ್ತಲೇ ಅಂದ. ಅವನ ಮೋರೆಗೆ ಹಾಳೆ ಎಸೆದು ಎದ್ದು ಬರಬೇಕಿತ್ತು. ಆದರೆ ನನ್ನ ಜಂಬದ ಮಾತು ನಂಬಿ ಹೆಂಡತಿ ಆಗಲೇ ರಾಜೀನಾಮೆ ಕೊಟ್ಟಾಗಿತ್ತು.

ಗಾಜಿನಾಚೆ ಸಹೋದ್ಯೋಗಿಗಳು ಕಾಫಿ ಹಿಡಿದು ನಿಂತಿದ್ದರು. ನಾನು ಪೆನ್ನು ಎತ್ತಿಕೊಂಡದ್ದನ್ನೂ ನನ್ನ ಮುಖ ಕೆಂಪಾದದ್ದನ್ನೂ ಅಷ್ಟೂ ಜನ ನೋಡಿದರು. ಸಹಿ ಹಾಕಿ ತಲೆ ಎತ್ತಿದೆ. ಡೀನನ ಕುರ್ಚಿಯ ಹಿಂದೆ, ಕಟ್ಟು ಹಾಕಿಸಿದ ಗಾಜಿನೊಳಗೆ, ಮಾಮಾನ ವಲ್ಲಿ ಇತ್ತು.